ಹಾಡು ಕಲಿಸಲು ಕಲಿತವರು

ಮಲ್ಕಾಜ್‌ಗಿರಿಯ ನಮ್ಮ ಬಳಗದ ಮನೆಯೊಂದರ ಹುಡುಗಿ ಈಗ ಶಿಕ್ಷಕ ತರಬೇತಿಯಲ್ಲಿದ್ದಾಳೆ. ಚಿಕ್ಕ ಮಕ್ಕಳಿಗೆ ಹಾಡು, ಚಿತ್ರ ಕಲಿಸುವ ಅಭ್ಯಾಸಪಾಠಕ್ಕೆ ಸಿದ್ಧಳಾಗುತ್ತ, ತನಗೆ ರಾಗಜ್ಞಾನವಿಲ್ಲ, ಚಿತ್ರವೂ ಅಷ್ಟಕ್ಕಷ್ಟೆ, ಕಲಿಸುವುದಾದರೂ ಹೇಗೆ ಎಂದು ನಮ್ಮನ್ನು ಕೇಳಿದಳು. ಭಾನುವಾರ ಸೇರುವ ನಮ್ಮ ಮಕ್ಕಳ ಎದುರು ಮೊದಲು ಕನ್ನಡದಲ್ಲಿ ಪಾಠ ಮಾಡಿ ನೋಡುವ ಆಸೆ ಅವಳದು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಕಿವಿಗಷ್ಟೇ ಗೊತ್ತು. ನಾಲಗೆಗೆ ತೆಲುಗು, ಕೈಗೆ ಇಂಗ್ಲಿಷು. ಕಾಚಿಗುಡದ ನೃಪತುಂಗ ಶಾಲೆಯಂಥ ಆಸರೆ ಎಲ್ಲ ಮನೆಗಳಿಗೂ ಹತ್ತಿರವಿಲ್ಲ. ಅವಳಿಗೆ ಉತ್ತರ ಹೇಳಹೊರಟ ನಮಗೆ ನೆನಪಾದವರು ಇಬ್ಬರು ಮೇಷ್ಟರು. ಇಬ್ಬರಿಗೂ ಈ ಹೈದರಾಬಾದಿನ ನಂಟಿತ್ತು.

ಮೊದಲನೆಯವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರು, ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಕನ್ನಡ ಪಂಡಿತರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ, ಮುಂದೆ ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದವರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾಯಚೂರು ಆಗ ನಿಜಾಮರ ಸಂಸ್ಥಾನದ ಊರು. ಉರ್ದುವಿಗೆ ರಾಜಮನ್ನಣೆಯಿದ್ದ, 1918ರಲ್ಲೇ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಕಂಡಿದ್ದ ಆ ಸೀಮೆಯಲ್ಲಿ ಕನ್ನಡಿಗರು ಅಧ್ಯಕ್ಷಪೀಠಕ್ಕೆ ಕರೆದದ್ದು ಮಕ್ಕಳಿಗೆ ಹಾಡು ಕಟ್ಟಿದ ಉಪಾಧ್ಯಾಯರನ್ನು. ಮೂರು ವರ್ಷಗಳ ಮೇಲೆ, 1937ರಲ್ಲಿ, ಪಂಜೆಯವರು ಹೈದರಾಬಾದಿನಲ್ಲಿಯೇ ತೀರಿಕೊಂಡರು.

ಅವರ ನಾಗರಹಾವಿನ ಹಾಡನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಅದರೊಳಗೆ ಅಡಗಿರುವ ಪಾಠಕ್ರಮವನ್ನು ಗಮನಿಸಿದವರು ಕಡಿಮೆ. ನಾಲ್ಕು ನಾಲ್ಕು ಮಾತ್ರೆಯ ಗಣಗಳು. ಸಾಲಿಗೆ ಹದಿನಾರು ಮಾತ್ರೆ. ಪ್ರತಿ ನುಡಿಯ ಕೊನೆಗೆ ಒಂದೇ ದೀರ್ಘಾಕ್ಷರ ಎಂಟು ಸಲ. ಹಾವನ್ನು ಮೊದಲು ಕರೆಯುವುದು, ಆಮೇಲೆ ಆಡಿಸುವುದು, ಬೇಡುವುದು, ಕಡೆಗೆ ಕೈಮುಗಿದು ಹೊರಗೆ ಕಳಿಸುವುದು: ನಾಲ್ಕು ಅಕ್ಷರಗಳಿಗೆ ನಾಲ್ಕು ಅಭಿನಯ. ರಾಗ ಬಾರದ ಮೇಷ್ಟರೂ ಚಪ್ಪಾಳೆ ಹಾಕಿಕೊಂಡು ಇದನ್ನು ಕಲಿಸಬಲ್ಲರು. ನಮ್ಮ ಊರಿನ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಹೊಸಗನ್ನಡದ ಆಡುಮಾತಿನಲ್ಲಿ 'ಹೋಗು' ಆಗಿರುವ 'ಪೋ' ಮಲ್ಕಾಜ್‌ಗಿರಿಯ ಮಗುವಿಗೆ ಬೀದಿಯ ತೆಲುಗಿನಿಂದಲೇ ಪರಿಚಿತ. ಕಲಿಯಬೇಕಾದದ್ದು 'ರಾ' ಎನ್ನುವಲ್ಲಿ 'ಬಾ' ಎನ್ನುವುದನ್ನು. ಎಂಟು ಸಲ ಕೈಬೀಸಿ ಕರೆದ ಮಗು ಅದನ್ನು ಮರೆಯುವುದುಂಟೆ?

ಎರಡನೆಯವರು ಜಿ. ಪಿ. ರಾಜರತ್ನಂ. ಕನ್ನಡ ಎಂ.ಎ. ಮುಗಿಸಿದ ತರುಣ ಕೆಲಕಾಲ ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಅವರ ಶಿಶುಗೀತೆಗಳ ಆರಂಭ ಅಲ್ಲಿಯೇ. ಕೆಲಸ ಅರಸುತ್ತ ಅವರು ಹೈದರಾಬಾದಿಗೂ ಬಂದರು, ದೊರೆಯದೆ ಹಿಂದಿರುಗಿದರು. ಕನ್ನಡಕ್ಕೆ ಪರಿಚಾರಕನಾಗಿ ದುಡಿಯುವಂತೆ ಮಾಸ್ತಿಯವರು ಹೇಳಿದ ಮಾತು ಅವರ ಮುಂದಿನ ದಾರಿಯಾಯಿತು. ಪದವಿ ಕೊಡದಿದ್ದ ವಿದ್ಯೆಯೊಂದನ್ನು ಆ ಚಿಕ್ಕ ತರಗತಿ ಅವರಿಗೆ ಕೊಟ್ಟಿತ್ತು. 'ತುತ್ತೂರಿ' ಪದ್ಯವನ್ನೇ ನೋಡಿ. ಹುಡುಗನೊಬ್ಬ ಬಣ್ಣದ ತುತ್ತೂರಿ ಕೊಂಡು, ಸ್ವರಗಳನ್ನೆಲ್ಲ ಊದಿ ಮೆರೆಯುತ್ತಾನೆ. ಅದು ನೀರಿಗೆ ಬಿದ್ದ ಮೇಲೆ ಸ್ವರ ಕಟ್ಟುತ್ತದೆ, ಬಣ್ಣ ಕರಗುತ್ತದೆ. ಸಪ್ತಸ್ವರದ ಹೆಸರು ಮಗುವಿನ ಬಾಯಿಗೆ ಬರುವುದು ಸಂಗೀತಪಾಠವಾಗಿ ಅಲ್ಲ, ಕಥೆಯ ಒಂದು ಸದ್ದಾಗಿ. ಚಿತ್ರದ ಪಾಠವೂ ಅದರಲ್ಲೇ ಇದೆ: ನೀರಿಗೆ ಬೀಳುವ ಮುಂಚಿನ ತುತ್ತೂರಿಯೊಂದು, ಬಿದ್ದ ಮೇಲಿನದೊಂದು. ಎರಡನ್ನೂ ಬರೆಯಲು ಮಗುವಿಗೆ ಹೇಳಿಕೊಡಬೇಕಾದುದೇನೂ ಇಲ್ಲ.

ಅದೇ ದಶಕದಲ್ಲಿ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಆಟಪಾಠದ ಪ್ರಯೋಗ ನಡೆಸಿದರು. 'ಬಾಲಪ್ರಪಂಚ'ದ ಸಂಪುಟಗಳನ್ನು ಹೊರತಂದರು. ಹಾಡು, ಕುಣಿತ, ಚಿತ್ರಗಳನ್ನು ಓದಿನ ನಡುವಿನ ಬಿಡುವೆಂದು ಇವರಾರೂ ಎಣಿಸಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗೂ ಶಾಲೆಯಲ್ಲಿ ವಿಷಯದ ಸ್ಥಾನ ಬೇಕೆಂದಿತು. ಆದರೂ ಪರೀಕ್ಷೆ ಹತ್ತಿರವಾದಾಗ ಮೊದಲು ಹೋಗುವ ಪಿರಿಯಡ್ಡು ಅದೇ ಎಂಬುದನ್ನು ತಾಯ್ತಂದೆಯರಾದ ನಾವು ಬಲ್ಲೆವು, ಅದಕ್ಕೆ ತಲೆಯಾಡಿಸಿದವರೂ ನಾವೇ.

ಹೊರನಾಡಿನಲ್ಲಿ ಈ ಅಲಕ್ಷ್ಯಕ್ಕೆ ತೆರುವ ಬೆಲೆ ಹೆಚ್ಚು. ಇಲ್ಲಿಯ ಮಗುವಿಗೆ ಕನ್ನಡದ ಅಂಗಡಿಫಲಕವಿಲ್ಲ, ಪಠ್ಯಪುಸ್ತಕವಿಲ್ಲ. ಅಕ್ಷರಮಾಲೆಯಿಂದ ತೊಡಗಿದ ನಮ್ಮ ಎಷ್ಟೋ ಭಾನುವಾರದ ತರಗತಿಗಳು ಒತ್ತಕ್ಷರದ ಹೊತ್ತಿಗೆ ಬರಿದಾದವು. ಹಾಡಿನಿಂದ ತೊಡಗಬೇಕಿತ್ತೆಂದು ಈಗ ನಮಗೆ ತೋರುತ್ತಿದೆ.

ನಮ್ಮ ಹುಡುಗಿಗೆ ನಾವು ಹೇಳಿದ್ದು ಇಷ್ಟೆ: ಮೊದಲ ವಾರ ಪುಸ್ತಕ ಬೇಡ, ಹಾರ್ಮೋನಿಯಂ ಬೇಡ, ನಾಗರಹಾವಿನ ಹಾಡು ಸಾಕು, ಕಪ್ಪುಹಲಗೆಯ ಮೇಲೊಂದು ಹೆಡೆ ಸಾಕು. ಅದು ಚೆನ್ನಾಗಿ ಬರದಿದ್ದರೆ ಮಕ್ಕಳೇ ತಿದ್ದುತ್ತಾರೆ. ಮುಂದಿನ ಭಾನುವಾರ ಅವಳ ಪಾಠ. ನಾವೂ ಹಿಂದಿನ ಸಾಲಿನಲ್ಲಿ ಕೂರುವವರಿದ್ದೇವೆ.