ಉಕ್ಕಿನ ಪರೀಕ್ಷೆ

‘ಉಕ್ಕು’ ಎಂಬ ನಮ್ಮ ಪದವೇ ಆಂಗ್ಲರ ಬಾಯಲ್ಲಿ ‘ವೂಟ್ಸ್’ ಆಯಿತೆಂದು ಹಲವು ವಿದ್ವಾಂಸರು ಹೇಳುವುದುಂಟು. ತರಗತಿಯಲ್ಲಿ ವರ್ಷವರ್ಷವೂ ನಾನು ಅದನ್ನು ಹೇಳಿ, ಹುಡುಗರ ಮುಖದಲ್ಲಿ ಮೂಡುವ ಹೆಮ್ಮೆಯನ್ನು ಕಂಡು ಸುಖಿಸುತ್ತ ಬಂದವನು. ಆದರೆ ಕೈಯಲ್ಲಿರುವ ಉಕ್ಕು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲಾರದ ನನ್ನ ಅಜ್ಞಾನ ಬಯಲಾದದ್ದು ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ.

ಅಲ್ಲಿ ನಮ್ಮ ಸೋದರಮಾವನ ಮನೆ. ಪೇಟೆಯ ಅಂಗಡಿಯೊಂದರಲ್ಲಿ ಕೊಂಡ, ನೀಲಿ ಬಣ್ಣ ಬಳಿದು ಮುದ್ರೆಯೊತ್ತಿದ ಕೊಡಲಿಯನ್ನು ಅವರಿಗೆಂದು ಒಯ್ದಿದ್ದೆ. ಜಾಲಿಯ ಕೊರಡಿಗೆ ಹಾಕಿದ ಮೂರನೆಯ ಏಟಿಗೇ ಅದರ ಬಾಯಿ ಮಡಿಚಿತು. ಮಾವ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. “ಬಣ್ಣ ನೋಡಿ ತಂದೀ ಅಳಿಯಾ, ಬಾಯಿ ನೋಡಲಿಲ್ಲ” ಎಂದರಷ್ಟೆ. ಆಮೇಲೆ ಒಂದು ಅರವನ್ನು ತಂದು ಬಾಯಿಯ ಮೇಲೆ ಎಳೆದರು. ಅದು ಬೆಲ್ಲ ಕೆರೆದಂತೆ ಕೆರೆಯಿತು. ತಮ್ಮ ಹಳೆಯ ಕೊಡಲಿಯ ಮೇಲೆ ಎಳೆದಾಗ ಅರ ಕಚ್ಚದೆ ಜಾರಿತು. ಕೊಡಲಿಯ ಕಣ್ಣಿನಲ್ಲಿ ಬೆಸುಗೆ ಬಿಟ್ಟಿದ್ದರೆ ತಟ್ಟಿದಾಗ ನಾದ ಒಡೆಯುತ್ತದೆಂದೂ, ಕುಡುಗೋಲನ್ನು ತುಸು ಬಾಗಿಸಿ ಬಿಟ್ಟರೆ ಹಿಂದಿನ ಆಕಾರಕ್ಕೆ ಮರಳಬೇಕೆಂದೂ ಅವರಿಂದ ತಿಳಿದೆ.

ಕಂಬಾರನ ಪರೀಕ್ಷೆ ಇನ್ನೂ ಸೂಕ್ಷ್ಮ. ಕೆಂಪಗೆ ಕಾಯಿಸಿ ನೀರಿಗದ್ದಿದ ಉಕ್ಕು ಗಡುಸಾಗುತ್ತದೆ, ಆದರೆ ಗಾಜಿನಂತೆ ಸಿಡಿಯುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಮೈಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಿಳೆ, ಕೊನೆಗೆ ನೀಲಿ. ಹಳದಿಯಲ್ಲಿ ತಡೆದರೆ ಅಲಗು ಗಡುಸು, ನೀಲಿಗೆ ಬಿಟ್ಟರೆ ಮೆತು. ಲೋಹಶಾಸ್ತ್ರಜ್ಞರು ಇದನ್ನು ಸುಮಾರು 220ರಿಂದ 300 ಡಿಗ್ರಿಗಳ ಅಂತರವೆಂದು ಅಳೆದಿದ್ದಾರೆ. ಕಂಬಾರನಿಗೆ ಇದೆಲ್ಲ ‘ಹದ’ ಎಂಬ ಒಂದೇ ಮಾತು. ಅಡಿಗೆಗೂ ಹೊಲಕ್ಕೂ ಅದೇ ಮಾತನ್ನು ಬಳಸುವ ನಮ್ಮ ಭಾಷೆಯ ಜಾಣತನಕ್ಕೆ ಮೆಚ್ಚಬೇಕು!

ಈ ನೆಲಕ್ಕೆ ಕಬ್ಬಿಣ ಹೊಸದಲ್ಲ. ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ದೊರೆತ ಇದೇ ಜಿಲ್ಲೆಯ ಮಸ್ಕಿಯಲ್ಲಿ, 1954ರ ಉತ್ಖನನದಲ್ಲಿ ಬಿ. ಕೆ. ಥಾಪರರು ಬೃಹತ್ ಶಿಲಾಯುಗದ ಸ್ತರದಲ್ಲಿ ಕಬ್ಬಿಣವನ್ನು ಕಂಡರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸುವುದನ್ನು ವರ್ಣಿಸಿದ್ದಾನೆ. ಕಡ್ಡಿಯ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುತ್ತಿತ್ತು.

ಅದಕ್ಕೂ ಮುಂಚೆ, 1794ರಲ್ಲಿ, ಮುಂಬಯಿಯಿಂದ ಡಾಕ್ಟರ್ ಸ್ಕಾಟ್ ಕಳಿಸಿದ ಇಂಥ ಉಕ್ಕು ಲಂಡನ್ನಿನ ರಾಯಲ್ ಸೊಸೈಟಿಯನ್ನು ಸೇರಿತ್ತು. ಮರುವರ್ಷ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಚಾಕು ಮಾಡುವ ಸ್ಟೋಡಾರ್ಟ್ ಅದನ್ನು ಬಡಿದು ನೋಡಿ ಮೆಚ್ಚಿದ. ಮುಂದೆ 1820ರಲ್ಲಿ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನು ಪ್ರಕಟಿಸಿದ. ಆದರೆ ಯೂರೋಪಿನ ಕಮ್ಮಾರರು ಹಲವರು ಈ ಉಕ್ಕನ್ನು ತಮ್ಮ ಅಭ್ಯಾಸದಂತೆ ಬಹಳ ಕಾಯಿಸಿ ಬಡಿದರು. ಇಂಗಾಲ ಹೆಚ್ಚಾಗಿದ್ದ ಅದು ಸುತ್ತಿಗೆಯ ಕೆಳಗೆ ಪುಡಿಯಾಯಿತು. ಕೆಟ್ಟ ಹೆಸರು ಬಂದದ್ದು ಉಕ್ಕಿಗೆ!

ನನಗೆ ಎಲ್ಲಕ್ಕಿಂತ ಪ್ರಿಯವಾದ ಚಿತ್ರ ಕೋನಸಮುದ್ರಮಿನದು. ಇಂದು ತೆಲಂಗಾಣದ ನಿಜಾಮಾಬಾದ್ ಜಿಲ್ಲೆಗೆ ಸೇರಿದ ಈ ಹಳ್ಳಿ, ರಾಯಚೂರಿನಂತೆಯೇ, ಆಗ ನಿಜಾಮರ ರಾಜ್ಯದಲ್ಲಿತ್ತು. 1832ರಲ್ಲಿ ಅಚ್ಚಾದ ವಾಯ್ಸಿಯ ವೃತ್ತಾಂತದಲ್ಲಿ, ಪರ್ಷಿಯಾದ ಇಸ್ಫಹಾನಿನಿಂದ ಬಂದ ವ್ಯಾಪಾರಿಯೊಬ್ಬ ಮೂಸೆಯ ಬಳಿಯೇ ಕುಳಿತು, ಕಬ್ಬಿಣದ ತೂಕವನ್ನು ತಾನೇ ನೋಡಿ, ಹದಮಾಡುವುದನ್ನೂ ಕಣ್ಣಾರೆ ಕಂಡು ಕೊಳ್ಳುತ್ತಾನೆ. ಕೊಳ್ಳುವವನಿಗೆ ಇಷ್ಟು ತಿಳಿದಿದ್ದರೆ ಮಾಡುವವನು ಹೇಗೆ ತಾನೇ ಸಡಿಲಬಿಟ್ಟಾನು? ಹೊರದೇಶದ ಅಗ್ಗದ ಉಕ್ಕು ಬಂದು ಮೂಸೆಗಳು ಆರಿದವೆಂದು ಚರಿತ್ರೆ ಬರೆಯುತ್ತೇವೆ, ಅದು ನಿಜವೇ. ಮುದ್ರೆಯನ್ನು ನೋಡಿ ಕೊಳ್ಳುವ ನನ್ನಂಥ ಗಿರಾಕಿಯ ಹೆಸರನ್ನೂ ಅದರಲ್ಲಿ ಸೇರಿಸಬೇಕೆಂದು ನನಗನ್ನಿಸುತ್ತದೆ.

ಮರುದಿನ ಮಾವ ನನ್ನನ್ನೂ ಕೊಡಲಿಯನ್ನೂ ಕುಲುಮೆಗೆ ಕರೆದೊಯ್ದರು. ಕಂಬಾರಜ್ಜ ಲಾರಿಯ ಕಮಾನುಪಟ್ಟಿಯ ತುಂಡಿನಿಂದ ಕುಡುಗೋಲು ತಟ್ಟುತ್ತಿದ್ದ. ನನ್ನ ಕೊಡಲಿಯನ್ನು ಕಾಯಿಸಿ, ನೀರಿಗದ್ದಿ, ಅರ ಎಳೆದು ನೋಡಿದ. “ಇದು ಹದ ಹಿಡಿಯಂಗಿಲ್ರೀ ಮಾಸ್ತರ” ಎಂದು ಹಿಂದಕ್ಕೆ ಕೊಟ್ಟ. ಮಾವ ಅದರ ಹಿಂಬದಿಯಿಂದ ಎತ್ತು ಕಟ್ಟುವ ಗೂಟ ಬಡಿಯುತ್ತಾರೆ.