ಅರ್ಥಶಾಸ್ತ್ರದ ಪತ್ರಿಕೆಗಳಲ್ಲಿ ಪೂರ್ವಪಕ್ಷ

ಎದುರಾಳಿಯ ಮತವನ್ನು ಮೊದಲು ನಿರೂಪಿಸಿ ಆಮೇಲೆ ಅದನ್ನು ಖಂಡಿಸುವ ಪದ್ಧತಿಯು ನಮ್ಮ ಶಾಸ್ತ್ರಗಳಲ್ಲಿ ಪುರಾತನವಾದುದು. ಶೃಂಗೇರಿಯ ವಿದ್ಯಾರಣ್ಯರ ಕೃತಿಯೆಂದು ಸಂಪ್ರದಾಯವು ಹೇಳುವ, 14ನೆಯ ಶತಮಾನದ ಸರ್ವದರ್ಶನಸಂಗ್ರಹವು ಚಾರ್ವಾಕಮತದಿಂದಲೇ ಆರಂಭವಾಗುತ್ತದೆ. ನಾಸ್ತಿಕನಿಗೆ ಅಗ್ರಾಸನವೇ ಎಂದು ಆಶ್ಚರ್ಯಪಡಬೇಕಾದುದಿಲ್ಲ. ಒಂದು ದರ್ಶನವನ್ನು ಮುಂದಿನದು ಖಂಡಿಸುತ್ತ ಹೋಗುವ ಆ ಗ್ರಂಥದಲ್ಲಿ ಮೊದಲನೆಯ ಸ್ಥಾನವೆಂದರೆ ಅತ್ಯಂತ ಕೆಳಗಿನ ಮೆಟ್ಟಿಲು. ಚಾರ್ವಾಕರ ಸ್ವಂತ ಗ್ರಂಥಗಳಾದರೋ ಬಹುಮಟ್ಟಿಗೆ ಲುಪ್ತವಾಗಿವೆ. ಅವರ ವಾದವನ್ನು ಪ್ರತಿಪಕ್ಷಿಗಳ ಬಾಯಿಂದಲೇ ಕೇಳಬೇಕಾಗಿದೆ. ಸರ್ವಮತಗಳನ್ನೂ ಸಂಗ್ರಹಿಸುವುದು ಬೇರೆ, ಸರ್ವಮತಗಳಿಗೂ ಅವಕಾಶವೀಯುವುದು ಬೇರೆ ಎಂಬುದು ಇದರಿಂದ ವ್ಯಕ್ತವಾಗುವುದು.

ಇದೇ ಭೇದವು ಪಾಶ್ಚಾತ್ಯರ ಅರ್ಥಶಾಸ್ತ್ರದ ಚರಿತ್ರೆಯಲ್ಲಿಯೂ ಕಾಣಬರುತ್ತದೆ. 1890ರಲ್ಲಿ ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಜ್ಞರ ಸಂಘವೊಂದು ಸ್ಥಾಪಿತವಾಗಿ, ಮರುವರ್ಷ ಎಡ್ಜ್‌ವರ್ತ್ ಪಂಡಿತನ ಸಂಪಾದಕತ್ವದಲ್ಲಿ 'ಎಕನಾಮಿಕ್ ಜರ್ನಲ್' ಹೊರಟಿತು. ಯಾವ ಪಂಥದವರಿಗೂ ಇಲ್ಲಿ ಪ್ರತಿಬಂಧವಿಲ್ಲವೆಂದು ಅದು ತನ್ನ ಆರಂಭದಲ್ಲಿಯೇ ಸಾರಿತು. ಪ್ರತಿಜ್ಞೆಯೇನೋ ಉದಾರವಾದುದೇ. ಆದರೆ ನೂರು ವರ್ಷಗಳು ಕಳೆದ ಮೇಲೆ, 1992ರಲ್ಲಿ, ಸ್ಯಾಮ್ಯುಯೆಲ್ಸನ್, ಟಿನ್‌ಬರ್ಗೆನ್ ಮೊದಲಾದ ನೋಬೆಲ್ ಪುರಸ್ಕೃತರು ನಾಲ್ವರೂ ಸೇರಿದಂತೆ 44 ಮಂದಿ ವಿದ್ವಾಂಸರು, ಈ ಶಾಸ್ತ್ರದಲ್ಲಿ ಒಂದೇ ಮತದ ಏಕಾಧಿಪತ್ಯವು ಬೆಳೆದಿದೆಯೆಂದು ಅಮೆರಿಕದ ಪ್ರಮುಖ ಪತ್ರಿಕೆಯೊಂದರಲ್ಲಿ ಮೊರೆಯಿಡಬೇಕಾಯಿತು. ಆ ಮೊರೆಯು ಲೇಖನವಾಗಿ ಬರಲಿಲ್ಲ. ಹಣ ತೆತ್ತು ಹಾಕಿಸಿದ ಜಾಹೀರಾತಾಗಿ ಬಂದಿತು.

ಹೀಗೆ ಹೊರಗುಳಿದವರು ಅದಕ್ಕೆ ಮುಂಚೆಯೇ ತಮ್ಮ ತಮ್ಮ ಪತ್ರಿಕೆಗಳನ್ನು ಹೂಡಿದ್ದರು. ವೆಬ್ಲೆನ್ನನ ಅನುಯಾಯಿಗಳದು 1967ರಲ್ಲಿಯೂ, ಅಮೆರಿಕದ ತೀವ್ರವಾದಿಗಳದು 1969ರಲ್ಲಿಯೂ, ಕೇಂಬ್ರಿಜ್ಜಿನವರದು 1977ರಲ್ಲಿಯೂ, ಕೇನ್ಸನ ಉತ್ತರಾಧಿಕಾರಿಗಳೆನಿಸಿದವರದು 1978ರಲ್ಲಿಯೂ ಹೊರಟವು. ಬಾಗಿಲು ಮುಚ್ಚಿದವರನ್ನು ದೂರಿ ಕಟ್ಟಿದ ಮನೆಗಳ ಬಾಗಿಲು ಎಷ್ಟು ತೆರೆದಿತ್ತು? ಕೇಂಬ್ರಿಜ್ಜಿನ ಪತ್ರಿಕೆಯು ತಾನು ಮಾರ್ಕ್ಸ್, ಕಲೇಟ್ಸ್ಕಿ, ಕೇನ್ಸ್ ಮುಂತಾದವರ ಪರಂಪರೆಗೆ ಸೇರಿದುದೆಂದು ಪ್ರಕಟವಾಗಿ ಹೇಳಿಕೊಂಡಿದೆ. ಇದು ಪ್ರಾಮಾಣಿಕವಾದ ನಡತೆ. ಆದರೆ ಗೋತ್ರವನ್ನು ಹೇಳಿಕೊಂಡು ಪಂಕ್ತಿಗೆ ಕರೆಯುವ ಕ್ರಮವಿದು. ಮೇಲಾಗಿ, ಬಂದ ಲೇಖನವನ್ನು ಸಂಪಾದಕನು ಬಲ್ಲವರಿಬ್ಬರ ಪರಿಶೀಲನೆಗೆ ಕಳುಹಿಸುವುದು ರೂಢಿ. ಆ ಬಲ್ಲವರು ಅದೇ ಪಂಥದವರಾಗಿರುವುದು ಸಹಜ. ಯಾರ ದುರುದ್ದೇಶವೂ ಇಲ್ಲದೆಯೇ ವೃತ್ತವು ಮುಚ್ಚಿಕೊಳ್ಳುತ್ತದೆ. ಹತ್ತು ಪಂಥಗಳಿಗೆ ಹತ್ತು ಪತ್ರಿಕೆಗಳಿದ್ದ ಮಾತ್ರಕ್ಕೆ ಅವುಗಳಲ್ಲಿ ಯಾವುದೊಂದೂ ಬಹುಪಂಥೀಯವಾಗುವುದಿಲ್ಲ.

ಭಾರತದಲ್ಲಿ 1949ರಲ್ಲಿ ಸಚಿನ್ ಚೌಧುರಿಯವರು ಮುಂಬಯಿಯಲ್ಲಿ ಹೂಡಿ, 1966ರಲ್ಲಿ ಹೊಸ ಹೆಸರನ್ನು ತಳೆದ ವಾರಪತ್ರಿಕೆಯು ಇದಕ್ಕಿಂತ ಮೇಲು. ಮಾರುಕಟ್ಟೆಯ ಪಕ್ಷಪಾತಿಗಳೂ ಮಾರ್ಕ್ಸ್‌ವಾದಿಗಳೂ ಅದರಲ್ಲಿ ಬರೆದರು. ಭಾರತದ ಬೇಸಾಯವು ಬಂಡವಾಳಶಾಹಿಯೇ ಅಲ್ಲವೇ ಎಂಬ ಪ್ರಸಿದ್ಧ ವಾದವು ಅಶೋಕ ರುದ್ರ, ಉತ್ಸಾ ಪಟ್ನಾಯಕ್ ಮೊದಲಾದವರ ನಡುವೆ 1970ರ ದಶಕದಲ್ಲೆಲ್ಲ ಅಲ್ಲಿಯೇ ನಡೆಯಿತು. ಖಂಡನೆಗೆ ಪ್ರತಿಖಂಡನೆಯು ಅದೇ ಪುಟಗಳಲ್ಲಿ ಬಂದಿತು. ಆದರೆ ವಾದದ ಪರಿಭಾಷೆಯು ಬಹುಮಟ್ಟಿಗೆ ಮಾರ್ಕ್ಸನದೇ ಆಗಿತ್ತು.

ಅದಕ್ಕೂ ಹಿಂದಿನ ಒಂದು ಪ್ರಸಂಗವನ್ನು ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕುದು. ಅಂದಿನ ದಕ್ಷಿಣ ಕನ್ನಡ ಸೀಮೆಯ ಬೆಳ್ಳಿಕೋತಿನಲ್ಲಿ 1905ರಲ್ಲಿ ಜನಿಸಿದ ಬಿ. ಆರ್. ಶೆಣೈಯವರು, ಎರಡನೆಯ ಪಂಚವಾರ್ಷಿಕ ಯೋಜನೆಗಾಗಿ ನೇಮಕವಾದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಸದಸ್ಯರಾಗಿದ್ದರು. 1955ರಲ್ಲಿ ಮಂಡಲಿಯು ಒಪ್ಪಿದ ನಿರ್ಣಯಗಳಿಗೆ ಅವರೊಬ್ಬರೇ ಸಮ್ಮತಿಸದೆ ಭಿನ್ನಾಭಿಪ್ರಾಯದ ಟಿಪ್ಪಣಿಯನ್ನು ಬರೆದರು. ಯೋಜನೆಯ ಗಾತ್ರವು ದೇಶದ ಉಳಿತಾಯಕ್ಕೆ ಮೀರಿದುದು, ಕೊರತೆಯನ್ನು ಹೊಸ ಹಣದಿಂದ ತುಂಬಿದರೆ ಬೆಲೆಗಳು ಏರುವುವು ಎಂಬುದು ಅವರ ಆಕ್ಷೇಪಣೆಯ ಸಾರ. 4,800 ಕೋಟಿ ರೂಪಾಯಿಗಳ ಸರ್ಕಾರಿ ವೆಚ್ಚದಲ್ಲಿ 1,200 ಕೋಟಿಯು ಕೊರತೆಯ ಹಣದಿಂದಲೇ ಬರಬೇಕೆಂದು ಯೋಜನೆಯಲ್ಲಿ ಗೊತ್ತುಮಾಡಲಾಯಿತು. ಇದು ಪಂಡಿತರ ಒಣ ತರ್ಕವಲ್ಲ. ಅಜ್ಜಂಪುರದ ಗೃಹಸ್ಥನು ಅಕ್ಕಿ ಬೇಳೆಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆಯು ಅದರೊಳಗೆ ಅಡಗಿತ್ತು.

ಇಲ್ಲೊಂದು ವಿಪರ್ಯಾಸವುಂಟು. ಮಾರುಕಟ್ಟೆಯ ಮತವು ಅಮೆರಿಕದ ವಿದ್ಯಾಪೀಠಗಳಲ್ಲಿ ಸಿದ್ಧಾಂತವೆನಿಸಿದ್ದರೆ, ಅಂದಿನ ದೆಹಲಿಯಲ್ಲಿ ಅದೇ ಭಿನ್ನಮತವಾಗಿತ್ತು. ಯಾರು ಸಂಪ್ರದಾಯಸ್ಥ, ಯಾರು ಪಾಷಂಡಿ ಎಂಬುದು ಸ್ಥಳವನ್ನು ಅನುಸರಿಸಿ ಮಾರ್ಪಡುವುದು. ಶೆಣೈಯವರೂ ಮುಂದೆ ಮಾಂಟ್ ಪೆಲೆರಿನ್ ಎಂಬ ಸಮಾನಮತಸ್ಥರ ಸಂಘದಲ್ಲಿ ಸೇರಿದರು. ಒಪ್ಪುವವರ ನಡುವೆ ವಾದಿಸುವ ಸುಖವು ಯಾವ ಪಕ್ಷಕ್ಕೂ ತಪ್ಪಿದುದಲ್ಲ.

ಆದರೆ ಅವರ ಟಿಪ್ಪಣಿಯನ್ನು ಸರ್ಕಾರವು ಅಡಗಿಸಿಡಲಿಲ್ಲ. ಮಂಡಲಿಯ ಬರಹದೊಡನೆಯೇ, ಅವರದೇ ಮಾತುಗಳಲ್ಲಿ, ಅದೂ ಪ್ರಕಟವಾಯಿತು. 1957ರಲ್ಲಿ ವಿದೇಶಿ ವಿನಿಮಯದ ಮುಗ್ಗಟ್ಟು ತಲೆದೋರಿದಾಗ ಓದುಗರು ಎರಡನ್ನೂ ಎದುರುಬದುರಿಟ್ಟು ನೋಡುವಂತಿತ್ತು. ಅದಕ್ಕೆ ಯೋಜನೆಯ ಅತಿಗಾತ್ರವೇ ಕಾರಣವೆಂದು ಒಂದು ಪಕ್ಷ, ಮಳೆಯ ಅಭಾವವೂ ಹದ್ದುಮೀರಿದ ಆಮದೂ ಕಾರಣವೆಂದು ಇನ್ನೊಂದು ಪಕ್ಷ. ಆ ವಿವಾದವಿನ್ನೂ ತೀರಿಲ್ಲ.