ಗುಡ್ಡದ ದಾರಿಗೆ ದುಬಾರಿ ಸೈಕಲ್ ಬೇಕಿಲ್ಲ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸವಾರರಿಗೆ ಒಂದಿಷ್ಟು ಮಾಹಿತಿ

ಹೊಸಪೇಟೆ: ಮೌಂಟೇನ್ ಬೈಕಿಂಗ್ ಅಂದಕೂಡಲೇ ಲಕ್ಷ ರೂಪಾಯಿಯ ಸೈಕಲ್, ಮೈಗಂಟಿದ ಬಟ್ಟೆ, ಬಣ್ಣದ ಕನ್ನಡಕ ಕಣ್ಮುಂದೆ ಬರುತ್ತವೆ. ಹೀಗಾಗಿ ಮನೆ ಹಿತ್ತಲಲ್ಲಿ ಗಟ್ಟಿಮುಟ್ಟಾದ ಸೈಕಲ್ ಇದ್ದರೂ ‘ಅದೆಲ್ಲ ನಮ್ಮಂಥೋರಿಗಲ್ಲ ಬಿಡಿ’ ಎಂದು ಸುಮ್ಮನಾಗುವವರೇ ಹೆಚ್ಚು. ಡಾಂಬರು ಬಿಟ್ಟು ಮಣ್ಣಿನ ದಾರಿಯಲ್ಲಿ, ಗುಡ್ಡದ ಮಗ್ಗುಲಲ್ಲಿ ಖುಷಿಗಾಗಿ ಸೈಕಲ್ ತುಳಿಯೋದಕ್ಕೆ ಇಟ್ಟ ಹೆಸರು ಅದು, ಅಷ್ಟೇ. ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ಬರುವ ಕಂಪ್ಲಿ ಕಡೆಯ ರೈತರು ಇದರ ಅರ್ಧ ವಿದ್ಯೆಯನ್ನು ಹೆಸರು ಗೊತ್ತಿಲ್ಲದೆಯೇ ಕಲಿತಿದ್ದಾರೆ.

ಈ ಆಟ ಹುಟ್ಟಿದ್ದೂ ಗುಜರಿ ಸೈಕಲ್‌ಗಳ ಮೇಲೆಯೇ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ಹುಡುಗರು 1930–40ರ ಕಾಲದ ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸುತ್ತಿದ್ದರು. ಅಲ್ಲಿ 1976ರಲ್ಲಿ ಶುರುವಾದ ಒಂದು ಪಂದ್ಯಕ್ಕೆ ‘ರೀಪ್ಯಾಕ್’ ಅಂತಲೇ ಹೆಸರು. ಸುಮಾರು 3 ಕಿ.ಮೀ. ಇಳಿಜಾರು ಇಳಿಯುವಷ್ಟರಲ್ಲಿ ಹಿಂದಿನ ಹಬ್‌ನ ಬ್ರೇಕ್ ಕಾದು ಗ್ರೀಸ್ ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕಿತ್ತು. ಜೋ ಬ್ರೀಜ್, ಗ್ಯಾರಿ ಫಿಶರ್ ಮೊದಲಾದವರು ಇದಕ್ಕೆಂದೇ ಬೇರೆ ಸೈಕಲ್ ಕಟ್ಟಿದ್ದು ಆಮೇಲೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಕ್ರೀಡೆಯಾಯಿತು. ನಮ್ಮ ಸೈಕಲ್ ಶಾಪ್‌ಗಳಲ್ಲಿ ಇವತ್ತಿಗೂ ನೇತಾಡುವ 26 ಇಂಚಿನ ದಪ್ಪ ಟೈರಿನ ಅಳತೆ ಆ ಗುಜರಿ ಸೈಕಲ್‌ಗಳಿಂದಲೇ ಬಂದದ್ದು.

ಸ್ಪರ್ಧೆಗೇ ಇಳಿಯುವವರಿಗೆ ಒಳ್ಳೇ ಸೈಕಲ್ ಬೇಕು, ಅದು ಬೇರೆ ಮಾತು. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಹೆಸರು ತಂದಿದ್ದಾರೆ. ಇಲ್ಲಿನ ಮಾತು ಭಾನುವಾರ ಬೆಳಗ್ಗೆ ಎರಡು ತಾಸು ಹೊರಗೆ ಹೋಗಿಬರುವವರದ್ದು.

ಇರುವ ಸೈಕಲ್‌ನಲ್ಲೇ ಏನು ಮಾಡಬಹುದು?

ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಆ ಸೈಕಲ್‌ಗಳು ಎಷ್ಟೋ ಮನೆಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಓವರಾಲ್ ಮಾಡಿಸಿ, ಬ್ರೇಕ್ ರಬ್ಬರ್ ಮತ್ತು ಟೈರ್ ಬದಲಿಸಿದರೆ ಕಾಲುದಾರಿಗೆ ಅವೇ ಸಾಕು. ಏರು ಕಷ್ಟ ಅನ್ನಿಸಿದರೆ ಹಿಂದಿನ ಫ್ರೀವೀಲ್‌ನ ಹಲ್ಲು ಎಣಿಸಿ. ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಗಾಲಿ ಸುಮಾರು 2.4 ಸುತ್ತು ತಿರುಗುತ್ತದೆ. 22 ಹಲ್ಲಿನ ಫ್ರೀವೀಲ್ ಸಿಕ್ಕು ಹಾಕಿಸಿದರೆ ಅದು 2 ಸುತ್ತಿಗೆ ಇಳಿಯುತ್ತದೆ. ಸಪಾಟು ರಸ್ತೆಯಲ್ಲಿ ವೇಗ ಕಡಿಮೆ, ದಿಬ್ಬದಲ್ಲಿ ಮೊಣಕಾಲಿಗೆ ಆರಾಮ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಗೇರ್ ಇಲ್ಲ ಅನ್ನೋ ಕೊರಗಿಗೆ ಇದೇ ಅಗ್ಗದ ಮದ್ದು.

ಹೊಸದೇ ತಗೊಳ್ಳೋದಾದರೆ ಎರಡೂ ಕಡೆ ದಪ್ಪ ಸ್ಪ್ರಿಂಗ್ ಇರುವ ಅಗ್ಗದ ‘ಡಬಲ್ ಶಾಕ್’ ಸೈಕಲ್‌ಗೆ ಮಾರುಹೋಗಬೇಡಿ. ನೋಡೋಕೆ ಬೈಕಿನಂತೆ ಕಾಣುತ್ತದೆ; ತೂಕ ಜಾಸ್ತಿ, ತುಳಿದ ಶಕ್ತಿಯಲ್ಲಿ ಅರೆಪಾಲು ಸ್ಪ್ರಿಂಗ್ ಕುಣಿಸೋದಕ್ಕೇ ಹೋದಂತಿರುತ್ತದೆ. ಅದೇ ದುಡ್ಡಿಗೆ ಸ್ಪ್ರಿಂಗ್ ಇಲ್ಲದ, ಗೇರ್ ಇಲ್ಲದ ದಪ್ಪ ಟೈರಿನ ಸೈಕಲ್ ಹಗುರವಾಗಿಯೂ ಬಾಳಿಕೆಯಾಗಿಯೂ ಸಿಗುತ್ತದೆ. ಕಲ್ಲಿನ ದಾರಿಯಲ್ಲಿ ಮೊಣಕೈ, ಮೊಣಕಾಲುಗಳೇ ಶಾಕ್ ಅಬ್ಸಾರ್ಬರ್. ಇಳಿಜಾರಿನಲ್ಲಿ ಸೀಟು ತಗ್ಗಿಸಿ, ಎರಡೂ ಪೆಡಲ್ ಒಂದೇ ಮಟ್ಟದಲ್ಲಿಟ್ಟು, ಎದ್ದು ನಿಂತು ಮೈಭಾರ ಹಿಂದಕ್ಕೆ ಬಿಡಬೇಕು. ಎರಡೂ ಬ್ರೇಕ್ ಒಟ್ಟಿಗೆ ಮೆಲ್ಲಗೆ ಒತ್ತಬೇಕು. ಮುಂದಿನದನ್ನು ಒಂದನ್ನೇ ಗಕ್ಕನೆ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿಬೀಳೋದು ಗ್ಯಾರಂಟಿ. ಖರ್ಚು ಮಾಡಲೇಬೇಕಾದ ಒಂದು ವಸ್ತು ಹೆಲ್ಮೆಟ್. ಅದರಲ್ಲಿ ಜುಗ್ಗತನ ಬೇಡ.

ಬಳ್ಳಾರಿ ಜಾಲಿ ಮತ್ತು ಪಂಚರ್

ಈ ಭಾಗದ ಸವಾರರ ನಿಜವಾದ ವೈರಿ ಗುಡ್ಡವಲ್ಲ, ಬಳ್ಳಾರಿ ಜಾಲಿ. ದಾರಿ ಪಕ್ಕ ಜಾಲಿ ಕಡಿದ ಮೇಲೆ ಮುಳ್ಳು ವಾರಗಟ್ಟಲೆ ಮಣ್ಣಿನಲ್ಲಿ ಕಾದಿರುತ್ತದೆ. ಲಕ್ಷದ ಸೈಕಲ್‌ಗೂ ಐದು ಸಾವಿರದ್ದಕ್ಕೂ ಅದು ಒಂದೇ ನ್ಯಾಯ ಮಾಡುತ್ತದೆ. ಪಂಚರ್ ಹಾಕಿದ ಮೇಲೆ ಟೈರಿನ ಒಳಗೆ ಬಟ್ಟೆ ಸವರಿ ನೋಡಬೇಕು. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಅರ್ಧ ಕಿ.ಮೀ.ನಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರ್ ಮತ್ತು ಟ್ಯೂಬಿನ ನಡುವೆ ಹಾಸಿದರೆ ಸಣ್ಣ ಮುಳ್ಳು ತಡೆಯುತ್ತದೆ. ತೂಕ ಸ್ವಲ್ಪ ಹೆಚ್ಚುತ್ತದೆ, ಆದರೆ ಸೈಕಲ್ ತಳ್ಳಿಕೊಂಡು ಮನೆಗೆ ಬರೋದಕ್ಕಿಂತ ಮೇಲು.

ಅಂಗಡಿಯವರು ಗಮನಿಸಬೇಕಾದ ಒಂದು ವಿಷಯವಿದೆ. ಹೊರಗಿನಿಂದ ಹಂಪಿಗೆ ಬರುವ ದುಬಾರಿ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ‘ಪ್ರೆಸ್ಟಾ’ ಎಂಬ ಸಣ್ಣ ಕಡ್ಡಿಯಂಥ ವಾಲ್ ಇರುತ್ತದೆ. ಪಂಚರ್ ಶಾಪಿನ ಪಂಪ್ ಅದಕ್ಕೆ ಹಿಡಿಯೋದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಒಂದೆರಡು ಇಟ್ಟುಕೊಂಡರೆ ಬಂದ ಗಿರಾಕಿಯನ್ನು ವಾಪಸ್ ಕಳಿಸಬೇಕಿಲ್ಲ. ಊರಿನ ಸವಾರರಿಗೆ ಮಾತ್ರ ಸ್ಕೂಟರ್ ವಾಲ್ ಅಥವಾ ಹಳೇ ಸೈಕಲ್ ವಾಲ್ ಇರೋದೇ ಒಳ್ಳೇದು. ಯಾವ ಹಳ್ಳಿಯಲ್ಲೂ ಕೆಲಸ ನಡೆಯುತ್ತದೆ.

ಮೂರು ಕಡೆ, ಮೂರು ಥರದ ನೆಲ

ಹಂಪಿ ಸುತ್ತ ಗರಸು ಮಣ್ಣು, ನಡುವೆ ಹಾಸುಬಂಡೆ. ಒಣಗಿದ ಬಂಡೆಯ ಮೇಲೆ ಟೈರ್ ಚೆನ್ನಾಗಿ ಹಿಡಿಯುತ್ತದೆ. ಅದೇ ಬಂಡೆಯ ಮೇಲೆ ಗರಸು ಹರಡಿದ್ದರೆ ಗೋಲಿಗಳ ಮೇಲೆ ಓಡಿಸಿದಂತೆ. ಹೊಸಪೇಟೆಯಿಂದ ಅನಂತಶಯನಗುಡಿ, ಕಡ್ಡಿರಾಂಪುರ ಮೂಲಕ ಹಂಪಿ ಸುಮಾರು 13 ಕಿ.ಮೀ. ಹೊಸಬರಿಗೆ ಇಷ್ಟೇ ಸಾಕಾಗುತ್ತದೆ. ಇನ್ನೂ ಹೋಗುವವರು ತಳವಾರಘಟ್ಟದಲ್ಲಿ ನದಿ ದಾಟಿ ಆನೆಗೊಂದಿ ನೋಡಿ, ಕಡೇಬಾಗಿಲು–ಬುಕ್ಕಸಾಗರ ಸೇತುವೆ ಮೇಲೆ ಕಮಲಾಪುರಕ್ಕೆ ಮರಳಬಹುದು. ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ, ತೆಪ್ಪ ನಿಲ್ಲುತ್ತವೆ; ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಹಂಪಿ 1986ರಿಂದ ವಿಶ್ವ ಪರಂಪರೆ ತಾಣ. ಮಂಟಪದ ಜಗಲಿ, ಮೆಟ್ಟಿಲು, ಹಳೇ ಕಲ್ಲುಹಾಸಿನ ಮೇಲೆ ಸೈಕಲ್ ಹಾರಿಸಿ ವಿಡಿಯೊ ಮಾಡುವ ಚಪಲ ಬೇಡ. 2019ರಲ್ಲಿ ಇಲ್ಲಿ ಕಂಬ ಕೆಡವಿದ ಯುವಕರಿಗೆ ದಂಡ ಬಿದ್ದದ್ದಲ್ಲದೆ, ಕೆಡವಿದ ಕಂಬವನ್ನು ಅವರೇ ನಿಲ್ಲಿಸುವಂತಾಗಿದ್ದು ಜನಕ್ಕೆ ನೆನಪಿದೆ. ಸಂಜೆ ಕತ್ತಲಾಗುವ ಮೊದಲೇ ಊರು ಸೇರಬೇಕು. ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ, ಕರಡಿಗಳಿಗೆ ಗಡಿ ಗೊತ್ತಿಲ್ಲ, ಚಿರತೆಗಳೂ ಇವೆ.

ಸಂಡೂರಿನದು ಕೆಂಪು ನೆಲ, ನಿಜವಾದ ಏರಿಳಿತ. ಮಳೆ ಬಿದ್ದ ಮೇಲೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ಹಸಿರು ನೋಡೋಕೆ ಎರಡು ಕಣ್ಣು ಸಾಲದು. ಕುಮಾರಸ್ವಾಮಿ ದೇವಸ್ಥಾನದ ಘಾಟಿ ರಸ್ತೆ, ತಾರಾನಗರದ ನಾರಿಹಳ್ಳ ಜಲಾಶಯದ ಕಡೆ ಜನಪ್ರಿಯ. ಆದರೆ ಇಲ್ಲಿ ಸೈಕಲ್‌ಗಿಂತ ಮುಂಚೆ ಯೋಚಿಸಬೇಕಾದ್ದು ಅದಿರು ಲಾರಿಗಳ ಬಗ್ಗೆ. ಕೆಂಧೂಳಿನಲ್ಲಿ ಲಾರಿ ಚಾಲಕನಿಗೆ ಸೈಕಲ್ ಕಾಣೋದೇ ಇಲ್ಲ. ಎದ್ದು ಕಾಣುವ ಬಣ್ಣದ ಅಂಗಿ, ಹಿಂದೆ ಕೆಂಪು ಲೈಟ್ ಬೇಕು. ಲಾರಿ ಸಾಲು ಬಂದರೆ ಇಳಿದು ಪಕ್ಕಕ್ಕೆ ನಿಲ್ಲೋದರಲ್ಲಿ ನಾಚಿಕೆಯಿಲ್ಲ. ಗಣಿ ರಸ್ತೆಗಳಿಗೆ ಹೋಗಲೇಬಾರದು. ಕಾಡಿನೊಳಗಿನ ದಾರಿಗೆ ಅರಣ್ಯ ಇಲಾಖೆಯನ್ನು ಕೇಳಿಯೇ ಇಳಿಯಬೇಕು. ಘಾಟಿ ಇಳಿಯುವ ಮುನ್ನ ರಿಮ್ ಮೇಲಿನ ಕೆಂಧೂಳು ಒರೆಸಿ; ಇಲ್ಲದಿದ್ದರೆ ಬ್ರೇಕ್ ರಬ್ಬರ್ ಬೇಗ ಸವೆಯುತ್ತದೆ, ಕಿರ್ ಎನ್ನುವ ಸದ್ದು ಬೇರೆ.

ಕಂಪ್ಲಿ ಸಪಾಟು. ಭತ್ತದ ಗದ್ದೆ, ಬಾಳೆ ತೋಟ, ಕಾಲುವೆ ದಾರಿ. ಮಕ್ಕಳ ಜತೆ ಹೋಗೋದಕ್ಕೆ, ವರ್ಷಗಟ್ಟಲೆ ಸೈಕಲ್ ಮುಟ್ಟದವರಿಗೆ ಇದೇ ಸರಿ. ಒಣಗಿದ್ದಾಗ ಎರೆಮಣ್ಣು ಸಿಮೆಂಟಿನಂತೆ ಗಟ್ಟಿ, ನೆನೆದರೆ ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯೇ ತಿರುಗದು. ಮಳೆಯಾದ ಮರುದಿನ ಎರೆ ದಾರಿಗೆ ಇಳಿದು ಸೈಕಲ್ ಹೊತ್ತು ತರುವುದಕ್ಕಿಂತ ಹಂಪಿ ಕಡೆ ಹೋಗೋದು ವಾಸಿ, ಗರಸು ಬೇಗ ನೀರು ಹೀರುತ್ತದೆ. ಕಾಲುವೆ ಅಂಚಿಗೆ ಹೋಗಬೇಡಿ, ನೀರಿನ ಸೆಳೆತ ಮೇಲಿಂದ ಕಾಣೋದಿಲ್ಲ. ಗಂಗಾವತಿ ಕಡೆಗಿನ ಹಳೇ ಸೇತುವೆ ಹೊಳೆ ತುಂಬಿದಾಗ ಮುಳುಗುತ್ತದೆ. ಪೊಲೀಸರು ಸಂಚಾರ ನಿಲ್ಲಿಸಿದ್ದರೆ ‘ಸೈಕಲ್ ತಾನೇ’ ಎಂದು ನುಗ್ಗುವುದು ಬೇಡ.

ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತರೊಳಗೆ ವಾಪಸಾಗುವುದು ಕ್ಷೇಮ. ಎರಡು ಲೀಟರ್ ನೀರು, ಒಂದು ಟ್ಯೂಬ್, ಕೈಪಂಪ್, ಸ್ಪ್ಯಾನರ್, ಚಾರ್ಜ್ ಇರುವ ಮೊಬೈಲ್ ಜತೆಗಿರಲಿ. ಒಬ್ಬರೇ ಹೋಗುವುದಾದರೆ ಯಾವ ದಾರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಹಂಪಿಯಲ್ಲಿ ಬಾಡಿಗೆ ಸೈಕಲ್ ತಗೊಳ್ಳುವವರು ದುಡ್ಡು ಕೊಡುವ ಮುಂಚೆ ಹತ್ತು ಹೆಜ್ಜೆ ಓಡಿಸಿ ಎರಡೂ ಬ್ರೇಕ್ ಹಿಡಿದು ನೋಡಬೇಕು. ಹಿಡಿಯದಿದ್ದರೆ ಬೇರೆ ಸೈಕಲ್ ಕೇಳಿ.